ಹನ್ನೆರಡನೇ ನಂಬರು

ಯಾವ ಬಾಗಿಲನ್ನೂ ನಮ್ಮವರು ಸುಮ್ಮನೆ ದಾಟಿದವರಲ್ಲ. ಹೊಸ್ತಿಲ ಮುಂದೆ ಒಂದು ಕ್ಷಣ ನಿಂತು, ತಲೆಯನ್ನು ಪೂರ್ತಿ ಎಡಕ್ಕೆ ತಿರುಗಿಸಿ, ಮತ್ತೆ ಪೂರ್ತಿ ಬಲಕ್ಕೆ ತಿರುಗಿಸಿ, ಆಮೇಲೆ ಕಾಲು ಎತ್ತಿಡುತ್ತಿದ್ದರು. ಅಡುಗೆಮನೆಯಿಂದ ನಡುಮನೆಗೆ ಬರುವಾಗಲೂ ಹಾಗೆ, ಬಚ್ಚಲಿನಿಂದ ಹೊರಗೆ ಬರುವಾಗಲೂ ಹಾಗೆ. ಮೂವತ್ತೊಂದು ವರ್ಷ ಬಸ್ಸು ಓಡಿಸಿದವರು, ಅಭ್ಯಾಸ ಬಿಡುವುದಿಲ್ಲ ಎಂದುಕೊಂಡೆವು. ನೋಡಿದವರೆಲ್ಲ ನಕ್ಕರು. ಎಲ್ಲರಿಗಿಂತ ಹೆಚ್ಚು ನಕ್ಕವಳು ನಾನು.

"ಬನ್ನಿ ಬನ್ನಿ, ಅಡುಗೆಮನೇಲಿ ಲಾರಿ ಬರ್ತಾ ಇಲ್ಲ."

"ಲಾರಿ ಬರದೇ ಇರಬಹುದು ಕಣೇ, ನೀನು ಬರ್ತೀಯಲ್ಲ" ಎಂದು ಅವರೂ ನಗುತ್ತಿದ್ದರು.

ಅದು ಅಭ್ಯಾಸವಾಗಿರಲಿಲ್ಲ. ಎರಡೂ ಕಣ್ಣಿನ ದೃಷ್ಟಿ ಅಂಚಿನಿಂದ ಒಳಕ್ಕೆ ಮುಚ್ಚಿಕೊಳ್ಳುತ್ತ ಬಂದಿತ್ತು. ನನಗೆ ಅದು ತಿಳಿಯಲು ಎರಡು ವರ್ಷ ಹಿಡಿಯಿತು. ಅವರು ಹೋಗಿ ಈಗ ಏಳು ತಿಂಗಳು. ನಾನು ನಕ್ಕದ್ದು ಮಾತ್ರ ಇನ್ನೂ ಹೋಗಿಲ್ಲ.

ಆಳು ಎತ್ತರವಲ್ಲ, ಅಗಲ. ಕೂತು ಕೂತು ಮೈಯೇ ಸೀಟಿನ ಆಕಾರಕ್ಕೆ ಬಂದಿತ್ತು. ನಡೆಯುವಾಗಲೂ ಮೊಣಕಾಲು ಕೊಂಚ ಬಾಗಿಯೇ ಇರುತ್ತಿತ್ತು, ನೆಲದಡಿಯಲ್ಲಿ ಎಲ್ಲೋ ಪೆಡಲು ಇದೆ ಎನ್ನುವಂತೆ. ಡಿಪೋದವರು ಕೊಟ್ಟ ನೀಲಿ ಕೋಟನ್ನು ಕೆಲಸ ಬಿಟ್ಟ ಮೇಲೂ ಬಿಡಲಿಲ್ಲ. ಅದರ ಒಂದು ಮೊಣಕೈ ಮಾತ್ರ ಸವೆದು ಜಾಳಿಗೆಯಾಗಿತ್ತು, ಕಿಟಕಿಯ ಮೇಲೆ ಊರಿದ ಕಡೆಯದು. ನನ್ನ ತಮ್ಮ ಹೊಸ ಕೋಟು ತಂದುಕೊಟ್ಟರೆ, "ಇನ್ನೊಂದು ತೋಳು ಹೊಸದಾಗೇ ಇದೆಯಲ್ಲಯ್ಯ, ಅದು ಮುಗೀಲಿ" ಎಂದು ಪೆಟ್ಟಿಗೆಯಲ್ಲಿ ಇಟ್ಟರು. ಇನ್ನೊಂದು ಮಾತು ಅವರ ನಾಲಿಗೆಗೆ ಅಂಟಿಕೊಂಡಿತ್ತು: "ಹಿಡ್ಕೊಳ್ಳಿ." ತಿರುವು ಬಂದಾಗ ಪ್ರಯಾಣಿಕರಿಗೆ ಹೇಳುತ್ತಿದ್ದ ಮಾತು. ಮನೆಯಲ್ಲಿ ಕುರ್ಚಿಯಿಂದ ಏಳುವಾಗಲೂ ಹೇಳುತ್ತಿದ್ದರು, ಹಾಸಿಗೆಯಲ್ಲಿ ಮಗ್ಗುಲು ಬದಲಿಸುವಾಗಲೂ ಹೇಳುತ್ತಿದ್ದರು. ನಾನೊಬ್ಬಳೇ ಪ್ರಯಾಣಿಕಳು, ಆದರೂ ಬಹುವಚನ.

ನಿವೃತ್ತಿಗೆ ಇನ್ನೂ ನಾಲ್ಕು ವರ್ಷವಿರುವಾಗ ಒಂದು ಸಂಜೆ ಮನೆಗೆ ಬಂದು, "ಬಿಟ್ಟುಬಿಟ್ಟೆ" ಎಂದರು. ಏನು ಬಿಟ್ಟಿರಿ ಎಂದರೆ, ಕೆಲಸ ಎಂದರು. ಯಾಕೆ ಎಂದರೆ, ಬೆನ್ನುನೋವು ಎಂದರು. ನಾನು ಬಟ್ಟೆ ಕಾರ್ಖಾನೆಯಲ್ಲಿ ಚೆಕಿಂಗ್ ಮೇಜಿನವಳು. ಹೊಲಿದ ಅಂಗಿಗಳನ್ನು ದೀಪದ ಕೆಳಗೆ ತಿರುವಿ ನೋಡಿ, ತಪ್ಪಿದ ಹೊಲಿಗೆ, ಉಳಿದ ದಾರ, ಎಣ್ಣೆಯ ಕಲೆ ಹುಡುಕುವುದು ನನ್ನ ಕೆಲಸ. ದಿನಕ್ಕೆ ನಾನೂರು ಅಂಗಿ. ಇಪ್ಪತ್ತೆರಡು ವರ್ಷ ನಿಂತೇ ಮಾಡಿದ್ದೇನೆ. ನನ್ನ ಬೆನ್ನಿಗೆ ನೋವಿಲ್ಲವೇ? ಅಂದು ಆಡಬಾರದ್ದು ಆಡಿದೆ. ಕೂತು ಉಣ್ಣುವ ಆಸೆ ಬಂತಾ ಎಂದೆ. ಅವರು ಕೋಟು ಕಳಚಿ ಗೂಟಕ್ಕೆ ಹಾಕಹೋದರು. ಗೂಟ ಸಿಗಲಿಲ್ಲ, ಕೋಟು ನೆಲಕ್ಕೆ ಬಿತ್ತು. ಕೋಪ ಎಂದುಕೊಂಡೆ.

ಆಮೇಲೆ ಮನೆಯಲ್ಲಿ ಲೋಟಗಳು ಉರುಳತೊಡಗಿದವು. ಪಕ್ಕದಲ್ಲಿಟ್ಟ ನೀರು, ಪಕ್ಕದಲ್ಲಿಟ್ಟ ಚಹಾ, ಎಲ್ಲ ಮೊಣಕೈ ತಗುಲಿ ನೆಲಕ್ಕೆ. "ಕಣ್ಣು ಎಲ್ಲಿಟ್ಟಿದ್ದೀರಿ?" ಎಂದು ನಾನು ಎಷ್ಟು ಸಲ ಕೇಳಿದೆನೋ. "ಇಲ್ಲೇ ಎಲ್ಲೋ ಇಟ್ಟಿದ್ದೆ" ಎಂದು ಅವರು ನೆಲ ಒರೆಸುತ್ತಿದ್ದರು.

ಹೀಗಿರುವಾಗ ಅವರಿಗೆ ಕ್ಯಾಮೆರಾದ ಹುಚ್ಚು ಹಿಡಿಯಿತು. ಹಿಡಿಸಿದವನು ನನ್ನ ತಮ್ಮ. ಅವನದು ಹಕ್ಕಿಗಳ ಹವ್ಯಾಸ. ತೋಳಿನಷ್ಟು ಉದ್ದದ ಲೆನ್ಸು ಹೊತ್ತು ಕೆರೆಯ ದಂಡೆಯಲ್ಲಿ ಮಲಗಿರುತ್ತಾನೆ. ಒಂದು ಭಾನುವಾರ ಬಂದವನು ಕ್ಯಾಮೆರಾವನ್ನು ಭಾವನ ಕೈಗೆ ಕೊಟ್ಟ. ಅವರು ಕಿಂಡಿಗೆ ಕಣ್ಣಿಟ್ಟರು. ತೆಗೆಯಲೇ ಇಲ್ಲ. ಚಹಾ ಆರಿತು. ಕತ್ತಲೆಯ ಮೂಲೆಯಲ್ಲಿದ್ದ ನನ್ನ ಹೊಲಿಗೆ ಮಿಷನ್ನಿನ ಕಡೆ ತಿರುಗಿಸಿ, "ಇದರಲ್ಲಿ ಬೆಳಕಿದೆಯಲ್ಲೋ" ಎಂದರು.

"ಒಳಗೆ ಚಿಕ್ಕ ಪರದೆ ಇದೆ ಭಾವ. ಕತ್ತಲೆ ಇದ್ರೂ ಅದು ಬೆಳಗಿಸಿ ತೋರ್ಸತ್ತೆ."

ಅವರು ಮತ್ತೆ ಕಣ್ಣಿಟ್ಟರು. ಮರುವಾರವೇ ಅಂಗಡಿಗೆ ಹೊರಟರು. ಜೊತೆಗೆ ನಾನೂ.

ಅಂಗಡಿಯವರು ಕನ್ನಡಕವನ್ನು ಹಣೆಗೇರಿಸಿಕೊಂಡ ಸಣ್ಣ ಆಳು, ತಾಳ್ಮೆಯ ಮನುಷ್ಯ. ಗಾಜಿನ ಮೇಜಿನ ಮೇಲೆ ಒಂದು ಕ್ಯಾಮೆರಾ ಇಟ್ಟು ವಿವರಿಸಿದರು: "ಹಳೇ ಕ್ಯಾಮೆರಾ ಒಳಗೆ ಒಂದು ಕನ್ನಡಿ ಇರ್ತಿತ್ತು ಯಜಮಾನ್ರೇ. ಬೆಳಕು ಅದಕ್ಕೆ ಬಡಿದು ಮೇಲೆ ಕಿಂಡಿಗೆ ಹೋಗ್ತಿತ್ತು. ಇದರಲ್ಲಿ ಕನ್ನಡಿ ಇಲ್ಲ. ಬೆಳಕು ನೇರ ಒಳಗೆ. ಅದಕ್ಕೇ ಹಗುರ. ಇದಕ್ಕೆ ಮಿರರ್‌ಲೆಸ್ ಅಂತಾರೆ."

ನಮ್ಮವರು ಗಾಬರಿಯಾದರು. "ಕನ್ನಡಿ ಇಲ್ದೆ ಗಾಡಿ ತೆಗೆಯೋದು ಹೇಗ್ರೀ? ಹಿಂದೆ ಯಾರಿದ್ದಾರೆ ಅಂತ ಗೊತ್ತಾಗ್ಬೇಡ್ವಾ?"

"ಹಿಂದೆ ಅಮ್ಮ ಇದ್ದಾರೆ. ಮುಂದಿರೋದನ್ನ ನೋಡಿ ಸಾಕು."

ಅಂಗಡಿಯೆಲ್ಲ ನಕ್ಕಿತು. ನಮ್ಮವರಿಗೆ ಆ ಮಾತು ಬಹಳ ಹಿಡಿಸಿತು. ದಾರಿಯಲ್ಲಿ ಎರಡು ಸಲ ಹೇಳಿಕೊಂಡರು.

ಕ್ಯಾಮೆರಾ ಒಂದೇ ದಿನದಲ್ಲಿ ಆರಿಸಿದ್ದಾಯಿತು. ಲೆನ್ಸಿಗೆ ಮೂರು ಶನಿವಾರ ಹಿಡಿಯಿತು. ಲೆನ್ಸುಗಳಿಗೆ ನಂಬರು ಇರುತ್ತದೆ ಎಂದು ತಿಳಿದ ಕ್ಷಣವೇ ಅವು ಇವರಿಗೆ ಬಸ್ಸುಗಳಾದವು. ನಂಬರು ದೊಡ್ಡದಾದಷ್ಟೂ ದೂರದ್ದು ಹತ್ತಿರ ಬರುತ್ತದೆ, ಆದರೆ ಅಕ್ಕಪಕ್ಕ ಬಿಟ್ಟುಹೋಗುತ್ತದೆ; ಚಿಕ್ಕದಾದಷ್ಟೂ ಅಕ್ಕಪಕ್ಕವೆಲ್ಲ ಒಳಗೆ ಬರುತ್ತದೆ, ಆದರೆ ಎಲ್ಲ ಪುಟ್ಟದಾಗಿ ಕಾಣುತ್ತದೆ. ಅವರು ತಕ್ಷಣ ಹಿಡಿದರು. "ಇನ್ನೂರನೇ ನಂಬರು ಎಕ್ಸ್‌ಪ್ರೆಸ್ಸು, ನಡುವೆ ಎಲ್ಲೂ ನಿಲ್ಲಲ್ಲ. ಐವತ್ತನೇ ನಂಬರು ಹದವಾಗಿ ಹೋಗತ್ತೆ. ಸಣ್ಣ ನಂಬರು ಓಣಿ ಓಣಿ ನುಗ್ಗಿ ಎಲ್ಲರನ್ನೂ ಹತ್ತಿಸ್ಕೊಳ್ಳತ್ತೆ." ಅಂಗಡಿಯವರು, "ನಲವತ್ತು ವರ್ಷ ಮಾರಿದ್ದೀನಿ, ಹೀಗೆ ಹೇಳೋಕೆ ನನಗೆ ಬಂದಿರಲಿಲ್ಲ" ಎಂದು ಇನ್ನೊಬ್ಬ ಗಿರಾಕಿಗೆ ಅದನ್ನೇ ಹೇಳಿದರು.

ಹೊಸಬರಿಗೆ ಇದು ಸಾಕು ಎಂದು ಅವರು ಕೊಟ್ಟದ್ದು ತಿರುಗಿಸಿದರೆ ಹದಿನೆಂಟರಿಂದ ಐವತ್ತೈದರವರೆಗೆ ಹೋಗುವ ಲೆನ್ಸು. ಒಂದು ವರ್ಷ ಇದರಲ್ಲೇ ತೆಗೆಯಿರಿ, ಯಾವ ನಂಬರಿನಲ್ಲಿ ಹೆಚ್ಚು ನಿಲ್ಲುತ್ತೀರೋ ನೋಡಿಕೊಂಡು ಆಮೇಲೆ ಬೇರೆ ಕೊಳ್ಳಿ ಎಂದರು. ಒಳ್ಳೆಯ ಮಾತು. ನಮ್ಮವರು ಬಳೆಯಂಥ ಅದರ ಸುತ್ತನ್ನು ಹದಿನೆಂಟಕ್ಕೆ ತಿರುಗಿಸಿದರು. ಇನ್ನೂ ತಿರುಗಿಸಲು ನೋಡಿದರು.

"ಮುಂದಕ್ಕೆ ಹೋಗಲ್ವಾ?"

"ಅದೇ ಕೊನೇ ಸ್ಟಾಪು ಯಜಮಾನ್ರೇ."

"ಇದಕ್ಕಿಂತ ಸಣ್ಣ ನಂಬರಿನ ಬಸ್ಸು?"

ಹನ್ನೆರಡು ಇದೆ ಎಂದರು. ಆದರೆ ಹೊಸಬರಿಗೆ ಬೇಡ, ಅದರಲ್ಲಿ ಹತ್ತಿರದ ಮುಖ ಕೆಡುತ್ತದೆ ಎಂದೂ ಹೇಳಿದರು. ಹಾಕಿ ನೋಡಿದ್ದಾಯಿತು. ನನ್ನನ್ನು ಎದುರು ನಿಲ್ಲಿಸಿ ತೆಗೆದ ಚಿತ್ರದಲ್ಲಿ ನನ್ನ ಮೂಗು ಬದನೆಕಾಯಿ, ಕಿವಿಗಳು ಪಕ್ಕದ ಬೀದಿಯಲ್ಲಿ. ಅದರ ಹಿಂದೆ ಇಡೀ ಅಂಗಡಿ, ಬಾಗಿಲು, ಬಾಗಿಲಾಚೆಯ ರಸ್ತೆ.

"ಇದೇ" ಎಂದರು ನಮ್ಮವರು.

ಆ ಶನಿವಾರ ಜೊತೆಗೆ ಬಂದಿದ್ದ ನನ್ನ ತಮ್ಮ ತಲೆ ಚಚ್ಚಿಕೊಂಡ. "ಭಾವ, ಇದರಲ್ಲಿ ಹಕ್ಕಿ ಸೊಳ್ಳೆ ಹಾಗೆ ಕಾಣತ್ತೆ."

"ಸೊಳ್ಳೇನೂ ಒಂದು ಹಕ್ಕಿ ತಾನೇ."

ಅಂಗಡಿಯವರೇ ಐವತ್ತು ಹಾಕಿ ನನ್ನನ್ನು ತೆಗೆದಿದ್ದರು. ಎಷ್ಟು ಚೆನ್ನಾಗಿ ಬಂದಿತ್ತು, ಹಿಂದೆ ಎಲ್ಲ ಮಸುಕು, ಮುಖವೊಂದೇ ಬೆಳಗಿತ್ತು. ಅದನ್ನು ಒಲ್ಲೆ ಎಂದರು. ಹೆಂಡತಿಯ ಮುಖಕ್ಕಿಂತ ಗೋಡೆ ಬಾಗಿಲು ಚೆಂದ ಇವರಿಗೆ ಎಂದು ದಾರಿಯುದ್ದಕ್ಕೂ ಅಂದೆ. ಅವರು ಪೆಟ್ಟಿಗೆಯನ್ನು ಎದೆಗೊತ್ತಿಕೊಂಡು, ಪ್ರತಿ ತಿರುವಿನಲ್ಲೂ ತಲೆ ಎಡಕ್ಕೆ ಬಲಕ್ಕೆ ಹೊರಳಿಸುತ್ತ ನಡೆದರು.

ಕೆಲಸ ಬೇಗ ಕಲಿತರು. ಗುಂಡಿಯನ್ನು ಅರ್ಧ ಒತ್ತಿ ಹಿಡಿದರೆ ಚಿತ್ರ ಸ್ಪಷ್ಟವಾಗುತ್ತದೆ, ಪೂರ್ತಿ ಒತ್ತಿದರೆ ತೆಗೆಯುತ್ತದೆ. ಹೊಸಬರಿಗೆ ಈ ಅರ್ಧವೇ ಕೈಗೆ ಹತ್ತುವುದಿಲ್ಲವಂತೆ. ಇವರಿಗೆ ಮೊದಲ ದಿನವೇ ಬಂತು. "ಕ್ಲಚ್ಚು ಕಣೇ. ಅರ್ಧದಲ್ಲಿ ಗಾಡಿ ಹಿಡ್ಕೊಳ್ಳತ್ತೆ, ಕಾಲಿಗೇ ಗೊತ್ತಾಗತ್ತೆ." ಆದರೆ ಅವರು ಹೆಚ್ಚು ಸಲ ಆ ಅರ್ಧದಲ್ಲೇ ನಿಲ್ಲುತ್ತಿದ್ದರು. ಕಣ್ಣಿಗೆ ಹಚ್ಚಿಕೊಂಡು ನಡುಮನೆಯ ನಡುವೆ ನಿಂತು ಸುತ್ತ ತಿರುಗುವರು, ಮಹಡಿಯಿಂದ ಬೀದಿ ನೋಡುವರು, ನಾನು ಬಟ್ಟೆ ಮಡಚುವುದನ್ನು ನೋಡುವರು. ಕ್ಲಿಕ್ ಎನ್ನುವ ಸದ್ದೇ ಇಲ್ಲ.

"ಒತ್ತದೇ ಇದ್ರೆ ಅದ್ಯಾಕೆ ರೀ? ತಗಡಿನ ಡಬ್ಬಿ ಇಟ್ಕೊಂಡ್ರೂ ಆಗ್ತಿತ್ತು."

"ನೋಡೋದಕ್ಕೆ ಖರ್ಚಿಲ್ಲ ಬಿಡೇ."

ಮನೆಗೆ ಬಂದವರ ಮುಂದೆ ನಾನು ಇದನ್ನೂ ಹೇಳಿ ನಗಿಸಿದ್ದೇನೆ.

ತಪ್ಪು ನನ್ನ ಕೈಯಿಂದಲೇ ಆಯಿತು. ತಮ್ಮ ಬಂದಿದ್ದ. ಭಾವನಿಗೆ ಉದ್ದ ಲೆನ್ಸಿನ ರುಚಿ ತೋರಿಸುತ್ತೇನೆ ಎಂದು ಹನ್ನೆರಡನ್ನು ಬಿಚ್ಚಿ ಮೇಜಿನ ಮೇಲಿಟ್ಟು, ಚೀಲದಿಂದ ತನ್ನದನ್ನು ತೆಗೆಯಲು ಹೋದ. ಕ್ಯಾಮೆರಾ ಬಾಯಿ ತೆರೆದು ಕೂತಿತ್ತು. ಒಳಗೆ ಅಂಚೆಚೀಟಿಯಷ್ಟು ಒಂದು ಹೊಳೆಯುವ ಗಾಜು, ಅದರ ಮೇಲೆ ಒಂದು ಕಣ ಧೂಳು. ಧೂಳು ಕಂಡರೆ ನನ್ನ ಕೈ ನಿಲ್ಲುವುದಿಲ್ಲ. ಕಾರ್ಖಾನೆಯ ಅರಿವೆ ಸೊಂಟದಲ್ಲೇ ಇತ್ತು. ಬೆರಳಿಗೆ ಸುತ್ತಿ ಒರೆಸಿಬಿಟ್ಟೆ. ತಮ್ಮ ಚೀರಿದ: "ಅಕ್ಕಾ! ಅದು ಸೆನ್ಸಾರು!" ಚಿತ್ರ ಮೂಡುವುದು ಅದರ ಮೇಲೆಯೇ ಅಂತೆ. ಹಳೆಯ ಕ್ಯಾಮೆರಾದಲ್ಲಾಗಿದ್ದರೆ ಕನ್ನಡಿ ಅಡ್ಡ ಇರುತ್ತಿತ್ತು, ನನ್ನ ಬೆರಳು ಅಲ್ಲಿಯವರೆಗೆ ಹೋಗುತ್ತಲೇ ಇರಲಿಲ್ಲ.

ನಮ್ಮವರು, "ಹೋಗ್ಲಿ ಬಿಡೋ, ಅವಳು ಮುಟ್ಟಿದ್ದು ಯಾವುದೂ ಕೆಟ್ಟಿಲ್ಲ, ನನ್ನೊಬ್ಬನ್ನ ಬಿಟ್ಟು" ಎಂದರು.

ತಮ್ಮ ಹೋದ ಮೇಲೆ, ಆಗಿದ್ದೇನು ನೋಡೋಣ ಎಂದು ನಾಲ್ಕಾರು ಚಿತ್ರ ತೆಗೆಸಿ ಟೀವಿಯಲ್ಲಿ ಹಾಕಿಸಿದೆ. ಬಲಗಡೆ ಮೇಲಿನ ಮೂಲೆಯಲ್ಲಿ ಒಂದು ಕಪ್ಪು ಎಳೆ. ಎಲ್ಲ ಚಿತ್ರದಲ್ಲೂ, ಅದೇ ಜಾಗದಲ್ಲಿ. ನನ್ನ ಅರಿವೆಯ ನೂಲು.

"ಅಯ್ಯೋ, ಬಂದಿದೆ ನೋಡಿ" ಎಂದೆ.

"ಎಲ್ಲೇ?"

"ಅಲ್ಲೇ ರೀ. ಬಲಗಡೆ, ಮೇಲೆ."

ಅವರು ಟೀವಿಯ ಹತ್ತಿರ ಕೂತಿದ್ದರು. ತಲೆ ತಿರುಗಿಸಿದರು, ಸ್ವಲ್ಪ. ಮತ್ತೂ ಸ್ವಲ್ಪ. ಪರದೆಯ ಮೇಲೆ ಮೂಗಿನಿಂದ ದಾರಿ ಹುಡುಕುವವರಂತೆ ಮೆಲ್ಲಗೆ ಮೂಲೆಯವರೆಗೆ ಹೋಗಿ, "ಹಾಂ, ಸಿಕ್ತು" ಎಂದರು.

ಚೆಕಿಂಗ್ ಮೇಜಿಗೆ ಬಂದ ಹೊಸಬರನ್ನು ನಾವು ಹೀಗೆ ಪರೀಕ್ಷೆ ಮಾಡುತ್ತೇವೆ. ಅಂಗಿಯ ಮೂಲೆಯಲ್ಲಿ ದಾರ ಬಿಟ್ಟು ಕೊಡುತ್ತೇವೆ. ಕಣ್ಣಿದ್ದವರ ಕೈ ತಾನಾಗಿ ಅಲ್ಲಿಗೆ ಹೋಗುತ್ತದೆ. ಮೂಗು ಹಿಡಿದು ಹುಡುಕುವವರು ಇರುವುದಿಲ್ಲ.

ನಾನು ಎದ್ದೆ. ಸದ್ದಿಲ್ಲದೆ ಅವರ ಕುರ್ಚಿಯ ಪಕ್ಕಕ್ಕೆ ಹೋಗಿ, ಕಿವಿಯ ಮುಂದೆ ಒಂದು ಮೊಳ ದೂರದಲ್ಲಿ ಕೈ ಎತ್ತಿ ಬೆರಳು ಆಡಿಸಿದೆ. ಅವರು ಟೀವಿ ನೋಡುತ್ತಲೇ ಇದ್ದರು. ಇನ್ನೂ ಮುಂದಕ್ಕೆ ತಂದೆ. ಇನ್ನೂ. ಬೆರಳು ಹೆಚ್ಚು ಕಡಿಮೆ ಮೂಗಿನ ಎದುರಿಗೆ ಬಂದಾಗ ಬೆಚ್ಚಿದರು.

ಅಂಗೈ ಹುಣ್ಣಿಗೆ ಕನ್ನಡಿ ಬೇಡ ಎನ್ನುತ್ತಾರೆ. ನನಗೆ ಬೇಕಾಯಿತು. ದಿನಕ್ಕೆ ನಾನೂರು ಅಂಗಿಯ ತಪ್ಪು ಹುಡುಕಿದವಳು ಮನೆಯಲ್ಲಿ ಉರುಳಿದ ಲೋಟ ಎಣಿಸಲಿಲ್ಲ.

"ಎಷ್ಟು ದಿನದಿಂದ?" ಎಂದೆ.

"ಕೂತ್ಕೋ" ಎಂದರು.

ಕಣ್ಣಿನೊಳಗೆ ಒತ್ತಡ ಹೆಚ್ಚಿ ನರ ಒಣಗುವ ಕಾಯಿಲೆ. ನೋವಿಲ್ಲ, ಕೆಂಪಿಲ್ಲ. ಅಂಚಿನಿಂದ ಶುರುವಾಗಿ ನಡುವಿಗೆ ಬರುತ್ತದೆ. ಹೋದದ್ದು ಹಿಂದಿರುಗುವುದಿಲ್ಲ. ಹನಿಮದ್ದು ಹಾಕುತ್ತಿದ್ದರೆ ಉಳಿದದ್ದು ಕೆಲವು ವರ್ಷ ಉಳಿಯಬಹುದು. ಆ ಮದ್ದನ್ನು ನಾನೂ ನೋಡಿದ್ದೆ. ಧೂಳಿಗೆ ಎಂದಿದ್ದರು, ನಂಬಿದ್ದೆ.

ತಿಳಿದದ್ದು ಹೇಗೆಂದು ಕೇಳಿದೆ. ಒಂದು ದಿನ ನಿಲ್ದಾಣದಿಂದ ಬಸ್ಸು ಹೊರಡಿಸುವಾಗ ಹಿಂದಿನ ಸೀಟಿನ ಹೆಂಗಸು ಕಿರುಚಿದಳಂತೆ. ಬ್ರೇಕು ಒತ್ತಿದರು. ಚಕ್ರದ ಪಕ್ಕದಲ್ಲೇ ಸೈಕಲ್ಲಿನವನೊಬ್ಬ, ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಅವನು ಎರಡು ಬೈದು ತನ್ನ ದಾರಿ ಹಿಡಿದು ಹೋದ.

"ಏನೂ ಆಗ್ಲಿಲ್ಲ ಕಣೇ" ಎಂದರು. "ಆದ್ರೆ ನಾನು ನೋಡಿರ್ಲಿಲ್ಲ. ಕನ್ನಡಿ ನೋಡ್ದೆ. ಕನ್ನಡೀಲೂ ಇರ್ಲಿಲ್ಲ ಅವನು. ಕನ್ನಡಿ ಸರಿಯಾಗೇ ಇತ್ತು."

ಮರುದಿನ ಕಣ್ಣಿನ ವೈದ್ಯರ ಹತ್ತಿರ ಹೋದರು. ಅದೇ ಸಂಜೆ ಡಿಪೋದ ಮೇಜಿನ ಮೇಲೆ ಕೀಲಿ ಇಟ್ಟು ಬಂದರು. ನಾನು ಆಡಬಾರದ್ದು ಆಡಿದ ಸಂಜೆ ಅದು.

"ನನಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಅವತ್ತಿಂದಲೇ ಕೈ ಹಿಡ್ಕೊಂಡು ನಡೆಸ್ತಿದ್ದೆ ನೀನು. ಬೈಸ್ಕೊಳ್ಳೋದೇ ವಾಸಿ ಅನ್ನಿಸ್ತು. ಬೈಯೋವಾಗ ನೀನು ನೆಟ್ಟಗೆ ನಿಂತಿರ್ತೀಯ."

ಹನ್ನೆರಡನೇ ನಂಬರು ಯಾಕೆ ಎಂದು ಆಗ ತಿಳಿಯಿತು. ಅವರಿಗೆ ಉಳಿದಿದ್ದದ್ದು ನಡುವಿನ ಒಂದು ಕಿಂಡಿ. ಅದರಲ್ಲಿ ನನ್ನ ಮುಖ ಕಂಡರೆ ಕೈ ಕಾಣದು, ಕೈ ಕಂಡರೆ ಮುಖ ಕಾಣದು. ಆ ಲೆನ್ಸು ಇಡೀ ಕೋಣೆಯನ್ನು ಪುಟ್ಟದು ಮಾಡಿ ಆ ಕಿಂಡಿಯಲ್ಲಿ ಹಿಡಿಸುತ್ತಿತ್ತು. "ಐವತ್ತರಲ್ಲಿ ನೀನು ಚೆನ್ನಾಗಿ ಬರ್ತೀಯ, ಗೊತ್ತು. ಆದ್ರೆ ಮೂಗು ಒಂದು ಸಲ, ಗಲ್ಲ ಒಂದು ಸಲ, ಕಂತಿನಲ್ಲಿ ಬರ್ತೀಯ. ಇದರಲ್ಲಿ ತಲೆಯಿಂದ ಕಾಲಿನವರೆಗೆ ಒಟ್ಟಿಗೇ ಬರ್ತೀಯ" ಎಂದರು. ಸ್ವಲ್ಪ ಬಿಟ್ಟು, "ಮೂಗು ಮಾತ್ರ ಹಾಗೇ ಇರತ್ತೆ" ಎಂದರು. ನಾನು ಅತ್ತೆ. ಅವರು ಕ್ಯಾಮೆರಾ ಎತ್ತಿ ನಾನು ಅಳುವುದನ್ನು ನೋಡಿದರು. ಒತ್ತಲಿಲ್ಲ.

ಆಮೇಲೆ ಒಂದು ವರ್ಷ ಮೂರು ತಿಂಗಳು ಸಿಕ್ಕಿತು. ಅದನ್ನು ನಾನು ಒಳ್ಳೆಯ ಕಾಲ ಎನ್ನುತ್ತೇನೆ; ಕೇಳಿದವರಿಗೆ ವಿಚಿತ್ರ ಅನ್ನಿಸಬಹುದು. ಕಾರ್ಖಾನೆಯಿಂದ ಬಂದು ನಾನು ಬಾಗಿಲಲ್ಲಿ ನಿಲ್ಲುವೆ, ಅವರು ಕ್ಯಾಮೆರಾದಲ್ಲಿ ನನ್ನನ್ನು ಒಮ್ಮೆ ಪೂರ್ತಿ ನೋಡುವರು. "ಇವತ್ತು ಎಡಗಾಲು ನೋಯ್ತಿದೆ ನಿನಗೆ" ಎನ್ನುವರು. ಸರಿಯಾಗಿರುತ್ತಿತ್ತು. ಮದುವೆಯಾಗಿ ಇಪ್ಪತ್ತೊಂಬತ್ತು ವರ್ಷದಲ್ಲಿ ನನ್ನನ್ನು ಯಾರೂ ಅಷ್ಟು ನೋಡಿರಲಿಲ್ಲ, ಅವರೂ ಸೇರಿ. ಬೀದಿಯಲ್ಲಿ ನಾನು ಕೈ ಹಿಡಿಯಲಿಲ್ಲ. ಒಂದು ಹೆಜ್ಜೆ ಮುಂದೆ ನಡೆದು, ತಿರುವು ಬಂದರೆ ಜೋರಾಗಿ ಬೈಯುತ್ತಿದ್ದೆ. ಆ ಸದ್ದು ಹಿಡಿದು ಅವರು ಬರುತ್ತಿದ್ದರು.

ನನಗೂ ಕಲಿಸಿದರು. ನಾನು ಐದನೆಯ ತರಗತಿಗೆ ಶಾಲೆ ಬಿಟ್ಟವಳು, ಯಂತ್ರದ ಪುಸ್ತಕ ಓದಲಾರೆ. ಅವರ ಪಾಠಕ್ಕೆ ಪುಸ್ತಕ ಬೇಕಿರಲಿಲ್ಲ. ಲೆನ್ಸಿನಲ್ಲಿ ಬೆಳಕು ಬರುವ ತೂತು ಎಂದರೆ ಬಸ್ಸಿನ ಬಾಗಿಲು: ಅಗಲ ತೆಗೆದರೆ ಬೆಳಕು ನುಗ್ಗುತ್ತದೆ, ಸಂದು ಬಿಟ್ಟರೆ ಒಬ್ಬೊಬ್ಬರಾಗಿ ಬರುತ್ತದೆ. ಬೆಳಕಿಗೆ ಬೆನ್ನು ಕೊಡಬೇಕು ಎಂಬುದು ನನಗೇ ಗೊತ್ತಿತ್ತು, ಚೆಕಿಂಗ್ ಮೇಜು ಕಲಿಸಿತ್ತು. ನನಗೆ ಬೇರೆ ಲೆನ್ಸು ಬೇಕೆಂದು ಅಂಗಡಿಗೆ ಕರೆದುಕೊಂಡು ಹೋದವರೂ ಅವರೇ.

"ಇವಳದು ತಪ್ಪು ಹುಡುಕೋ ಕಣ್ಣು" ಎಂದರು ಅಂಗಡಿಯವರಿಗೆ. "ಇವಳಿಗೆ ಊರೆಲ್ಲ ಬೇಡ. ಐವತ್ತು ಕೊಡಿ."

ಅಂಗಡಿಯವರು ಸೆನ್ಸಾರಿನ ನೂಲನ್ನು ಎರಡೇ ನಿಮಿಷದಲ್ಲಿ ಊದಿ ತೆಗೆದುಕೊಟ್ಟರು. ಮುಟ್ಟಲೂ ಇಲ್ಲ. ನನ್ನನ್ನು ನೋಡಿ, "ಅಮ್ಮ, ಮುಂದೆ ಧೂಳು ಕಂಡ್ರೆ ಕೈ ಕಟ್ಕೊಂಡು ಕೂತ್ಕೊಳ್ಳಿ" ಎಂದರು.

ಐವತ್ತರಲ್ಲಿ ನಾನು ಅವರ ಕಿವಿ ತೆಗೆದೆ, ಕುತ್ತಿಗೆಯ ಸುಕ್ಕು ತೆಗೆದೆ, ಮದ್ದು ಹಾಕಿಕೊಂಡು ಕಣ್ಣು ಮುಚ್ಚಿ ಕೂತದ್ದನ್ನು ತೆಗೆದೆ. ಪೂರ್ತಿ ಆಳು ಎಲ್ಲೂ ಇಲ್ಲ. ಈಗ ಕೊರತೆ ಅನ್ನಿಸುತ್ತದೆಯೇ ಎಂದು ತಮ್ಮ ಕೇಳಿದ. ಇಲ್ಲ. ನನಗೆ ಅವರು ಬಂದದ್ದೇ ಕಂತಿನಲ್ಲಿ.

ಕಣ್ಣಿನ ನಡು ಮುಚ್ಚುವ ದಿನ ಬರಲಿಲ್ಲ. ಅದಕ್ಕೇ ಇಬ್ಬರೂ ಹೆದರಿದ್ದೆವು. ಕಣ್ಣಿಗೆ ಕಾದು ಕೂತವರಿಗೆ ಎದೆ ಕೈಕೊಟ್ಟಿತು. ಬೆಳಿಗ್ಗೆ ಹಲ್ಲುಜ್ಜುತ್ತ ನಿಂತವರು ಕೂತರು. ಏನಾಯ್ತು ರೀ ಎಂದೆ. ನನ್ನ ಮುಖ ನೋಡಿದರು. ಕ್ಯಾಮೆರಾ ಇರಲಿಲ್ಲ, ಬರಿಗಣ್ಣಿನಿಂದಲೇ ನೋಡಿದರು, ಮೂಗೋ ಗಲ್ಲವೋ, ಏನು ಕಂಡಿತೋ. ಅಷ್ಟೇ.

ಮಣ್ಣು ಮಾಡಿ ಬಂದ ದಿನ ಅವರ ಜೊತೆಗೆ ಓಡಿಸುತ್ತಿದ್ದ ಡ್ರೈವರೊಬ್ಬರು ಎಲ್ಲರೂ ಹೋಗುವವರೆಗೆ ಗೇಟಿನ ಹತ್ತಿರವೇ ನಿಂತಿದ್ದರು. ಆಮೇಲೆ ಬಂದರು.

"ಅತ್ತಿಗೆ, ಅಣ್ಣ ಕೀಲಿ ಇಟ್ಟ ದಿನ ನಾನು ಅಲ್ಲೇ ಇದ್ದೆ. ಡಿಪೋ ಸಾಹೇಬರು, ಇನ್ನೂ ಯಾರಿಗೂ ಗೊತ್ತಿಲ್ಲವಲ್ಲ, ಉಳಿದ ವರ್ಷ ನೂಕು ಅಂದ್ರು. ನನಗೆ ಗೊತ್ತಾಯ್ತಲ್ಲ ಸಾರ್ ಅಂದ. ಅಷ್ಟು ಹೇಳಿ ನಡೆದುಬಿಟ್ಟ." ಗೇಟಿನ ಕಡೆ ಒಮ್ಮೆ ತಿರುಗಿ ನೋಡಿ ಮುಂದುವರಿಸಿದರು. "ಮರುವಾರ ನಾನೂ ಹೋಗಿ ಕಣ್ಣು ತೋರಿಸ್ಕೊಂಡೆ. ಇನ್ನೂ ನಾಲ್ಕು ಜನ ಹೋದ್ರು. ಒಬ್ಬನಿಗೂ ಇದೇ ಕಾಯಿಲೆ, ಶುರುವಿನಲ್ಲೇ ಸಿಕ್ಕಿಬಿತ್ತು. ಅವನ ಕಣ್ಣು ಪೂರ್ತಿ ಉಳೀತು."

ನಮ್ಮವರು ಇದನ್ನೂ ನನಗೆ ಹೇಳಿರಲಿಲ್ಲ. ಅವರಿಗೇ ಗೊತ್ತಿತ್ತೋ ಇಲ್ಲವೋ.

ಮಾಡಿ ತೋರಿಸುವ ಜನರನ್ನು ಲೋಕ ಗುರುತಿಡುತ್ತದೆ, ಇಡಲಿ. ಇನ್ನೊಂದು ಜಾತಿಯ ಜನ ಇದ್ದಾರೆ. ಏನೂ ಆಗದ ಹಾಗೆ ನೋಡಿಕೊಳ್ಳುವುದೇ ಅವರ ಕೆಲಸ. ಕೆಲಸ ಸರಿಯಾಗಿ ಆದರೆ ತೋರಿಸಲು ಏನೂ ಉಳಿಯುವುದಿಲ್ಲ. ಬಿದ್ದವರು ಇಲ್ಲ, ಅತ್ತವರು ಇಲ್ಲ, ಪತ್ರಿಕೆಯಲ್ಲಿ ಸುದ್ದಿ ಇಲ್ಲ. ಹಾಗಾಗಿ ಅವರು ಸೋಮಾರಿಗಳಂತೆ, ಹೆದರುಪುಕ್ಕರಂತೆ, ಹುಚ್ಚರಂತೆ ಕಾಣುತ್ತಾರೆ, ಅವರ ಹೆಂಡತಿಯರಿಗೂ. ಬೈದರೆ ಬೈಸಿಕೊಳ್ಳುತ್ತಾರೆ. ಯಾವ ಊರಿನಲ್ಲೋ ಈ ಹೊತ್ತು ಒಬ್ಬನು ಸೈಕಲ್ಲು ಗೋಡೆಗೆ ಒರಗಿಸಿ, ಬಾಗಿಲು ತಟ್ಟಿ, ಊಟಕ್ಕೆ ಏನಿದೆ ಎಂದು ಕೇಳುತ್ತಿರುತ್ತಾನೆ. ಕೇಳಲಿ. ಅವನಿಗೆ ತಿಳಿಯಬೇಕಾಗಿಲ್ಲ.